ವಿಶೇಷ ಏನೂ ಇಲ್ಲವೇ?

ನಮ್ಮ ಕಡೆ ಹೊಸದಾಗಿ ಮದುವೆಯಾದ ಹೆಣ್ಣುಮಗಳು ಎದುರಿಗೆ ಸಿಕ್ಕರೆ ಜನ ಕೇಳುವುದು ಒಂದೇ ಪ್ರಶ್ನೆ. "ಏನಮ್ಮಾ, ವಿಶೇಷ ಏನೂ ಇಲ್ಲವೇ?" ಈ 'ವಿಶೇಷ' ಎಂಬ ಪದಕ್ಕೆ ನಿಘಂಟಿನಲ್ಲಿ ಎಷ್ಟೇ ಅರ್ಥಗಳಿರಲಿ, ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಇರುವುದು ಒಂದೇ ಅರ್ಥ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನಾನು ಈ ಅರ್ಥವನ್ನು ಯಾವ ಮಕ್ಕಳಿಗೂ ಹೇಳಿಕೊಟ್ಟಿಲ್ಲ. ಹೇಳಿಕೊಡದೆಯೇ ಎಲ್ಲರಿಗೂ ಬಂದುಬಿಡುತ್ತದೆ.

ಹೋದ ವರ್ಷ ಶಾಲೆ ಶುರುವಾದ ಹೊಸತರಲ್ಲಿ ಈ ಪ್ರಶ್ನೆ ನಮ್ಮ ಗಣಿತದ ಮೇಡಂ ಮೇಲೆ ಬಿತ್ತು. ಮೂವತ್ತೆರಡು ವರ್ಷ ವಯಸ್ಸು, ಮದುವೆಯಾಗಿ ಎರಡು ವರ್ಷ. ಕೇಳಿದವಳು ಬೇರೆ ಯಾರೂ ಅಲ್ಲ, ನಾನೇ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಈ ಪ್ರಶ್ನೆಯ ಪೆಟ್ಟು ಚೆನ್ನಾಗಿ ತಿಂದವಳು ನಾನು, ಆದರೂ ಬಾಯಿಗೆ ಅದೇ ಬಂತು.

ಆಕೆ ಊಟದ ಡಬ್ಬಿ ಮುಚ್ಚುತ್ತ, "ಇನ್ನೂ ಇಲ್ಲ ಮೇಡಂ. ಶುಗರ್ ಇದೆಯಲ್ಲ, ಅದಕ್ಕೇ ಸ್ವಲ್ಪ ಭಯ. ಆದ ಮೇಲೆ ಒಳ್ಳೇ ಡಾಕ್ಟರ್ ಹತ್ತಿರ ತೋರಿಸ್ಕೊಂಡು, ಊಟ ಗೀಟ ಎಲ್ಲ ಸರಿ ಮಾಡ್ಕೊಂಡ್ರಾಯ್ತು ಅಂತ ಇದೀನಿ" ಎಂದಳು.

ಆದ ಮೇಲೆ! ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ತುತ್ತು ಹಾಗೆಯೇ ನಿಂತಿತು. 1996ರಲ್ಲಿ ನಾನೂ ಹಾಗೆಯೇ ಅಂದುಕೊಂಡಿದ್ದೆ.

ನನಗೆ ಸಕ್ಕರೆ ಕಾಯಿಲೆ ಬಂದದ್ದು 1984ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ಈಗ ಅದನ್ನು ಟೈಪ್ 1 ಎನ್ನುತ್ತಾರೆ. ಮಾತ್ರೆಯಿಂದ ಆಗುವುದಲ್ಲ, ಇನ್ಸುಲಿನ್ ಬೇಕೇ ಬೇಕು. ಬಹಳ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಓದಿದೆ: ಟೊರಾಂಟೊದಲ್ಲಿ 1922ರ ಜನವರಿಯಲ್ಲಿ ಮೊಟ್ಟಮೊದಲು ಇನ್ಸುಲಿನ್ ಚುಚ್ಚಿಸಿಕೊಂಡ ಹುಡುಗ ಲಿಯೊನಾರ್ಡ್ ಥಾಮ್ಸನ್, ಅವನಿಗೂ ಹದಿನಾಲ್ಕು ವರ್ಷ. ಅದಕ್ಕೆ ಮುಂಚೆ ಈ ಕಾಯಿಲೆಯ ಹೆಣ್ಣುಮಕ್ಕಳು ಬಸಿರಾಗುವುದೇ ಅಪರೂಪವಾಗಿತ್ತಂತೆ. ಆದರೂ ಕೂಸು ಉಳಿಯುತ್ತಿದ್ದುದು ಕಡಿಮೆ, ತಾಯಿಯೂ ಹೋಗುತ್ತಿದ್ದುದು ಉಂಟು.

ನಮ್ಮ ಅಪ್ಪ ಗಾಜಿನ ಸಿರಿಂಜನ್ನು ಬೆಳಿಗ್ಗೆ ಕಾಫಿಗೆ ಮುಂಚೆ ನೀರಿನಲ್ಲಿ ಕುದಿಸುತ್ತಿದ್ದರು. ಸಕ್ಕರೆ ಎಷ್ಟಿದೆ ಎಂದು ತಿಳಿಯಲು ಪ್ರನಾಳದಲ್ಲಿ ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕಾಯಿಸುವುದು. ನೀಲಿ ಹಾಗೆಯೇ ಉಳಿದರೆ ಸಮಾಧಾನ. ಹಸಿರು, ಹಳದಿ, ಕಿತ್ತಳೆ ದಾಟಿ ಇಟ್ಟಿಗೆ ಕೆಂಪಿಗೆ ಹೋದರೆ ಅಪ್ಪನ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತಿತ್ತು. ಮೂತ್ರಕ್ಕೆ ಸಕ್ಕರೆ ಬರುವ ಹೊತ್ತಿಗೆ ರಕ್ತದಲ್ಲಿ ಅದು ಆಗಲೇ ಮಿತಿ ಮೀರಿರುತ್ತದೆ ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ನೀಲಿ ಕಂಡರೆ ಎಲ್ಲ ಸರಿ ಎಂದುಕೊಳ್ಳುತ್ತಿದ್ದೆವು.

1995ರಲ್ಲಿ ಮದುವೆಯಾಯಿತು. ಅಪ್ಪ ಹುಡುಗನಿಗೆ ವಿಷಯ ಮುಚ್ಚಿಡಲಿಲ್ಲ. ಇವರೂ ಒಪ್ಪಿಯೇ ಕೈ ಹಿಡಿದರು. ಆದರೆ "ಅಮ್ಮನಿಗೆ ಈಗಲೇ ಬೇಡ, ನಿಧಾನವಾಗಿ ಹೇಳೋಣ" ಎಂದರು. ಆ ನಿಧಾನ ಒಂದೂವರೆ ವರ್ಷ ಎಳೆಯಿತು. ತಿಪಟೂರಿನಿಂದ ಆರೇಳು ಮೈಲಿ ದೂರದ ತೋಟದ ಮನೆ, ಫ್ರಿಜ್ ಇಲ್ಲ. ಇನ್ಸುಲಿನ್ ಶೀಷೆಯನ್ನು ಕುಡಿಕೆಯಲ್ಲಿಟ್ಟು, ಆ ಕುಡಿಕೆಯನ್ನು ಒದ್ದೆ ಮರಳಿನ ಮಡಕೆಯೊಳಗೆ ಹೂತು, ಮಂಚದ ಕೆಳಗೆ ಬಚ್ಚಿಟ್ಟಿದ್ದೆ. ಚುಚ್ಚಿಕೊಳ್ಳುವುದು ಬಚ್ಚಲುಮನೆಯಲ್ಲಿ. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಆದರೆ ಹೊಸ ಸೊಸೆ ಎಲ್ಲರಿಗಿಂತ ಮುಂಚೆ ತಟ್ಟೆ ಹಾಕಿಕೊಂಡು ಕೂರುವುದು ಹೇಗೆ? ಚುಚ್ಚಿಕೊಂಡ ದಿನ ಊಟ ತಡ, ಊಟ ಬೇಗ ಸಿಕ್ಕ ದಿನ ಚುಚ್ಚಿಕೊಳ್ಳಲು ಬಚ್ಚಲು ಖಾಲಿ ಇಲ್ಲ. ಸಕ್ಕರೆ ಹೇಗಿದ್ದಿರಬಹುದು, ನೀವೇ ಊಹಿಸಿ.

ಒಂದು ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದವಳು ಕಣ್ಣು ಕತ್ತಲಿಟ್ಟು ಅಲ್ಲಿಯೇ ಕುಸಿದೆ. ಸಕ್ಕರೆ ಇಳಿದಿತ್ತು. ಬೆವರು, ನಡುಕ. ನಮ್ಮತ್ತೆ ಓಡಿಬಂದು ಎತ್ತಿ ಕೂರಿಸಿ, ಬೆಲ್ಲದ ನೀರು ಕುಡಿಸಿದರು. ಏನು ಕೊಡಬೇಕೋ ಅದನ್ನೇ ಕೊಟ್ಟಿದ್ದರು, ಪಾಪ, ಏಕೆಂದು ತಿಳಿಯದೆ. ಆಮೇಲೆ ಮುಖವೆಲ್ಲ ಅರಳಿಸಿಕೊಂಡು, "ಏನವ್ವ, ಇಸೇಸನಾ?" ಎಂದರು. ಅಲ್ಲ ಎಂದು ಹೇಳಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನವೂ ನನಗೆ ತುಪ್ಪ, ಹೋಳಿಗೆ, ಹೆಸರುಬೇಳೆ ಪಾಯಸ.

ಮುಂದಿನ ವರ್ಷ ಹಾಗೆಯೇ ತಲೆ ಸುತ್ತು ಶುರುವಾದಾಗ ನಾನೇ ಸಕ್ಕರೆ ಇಳಿದಿದೆ ಎಂದುಕೊಂಡೆ. ಮುಟ್ಟು ಮೊದಲಿನಿಂದಲೂ ಏರುಪೇರು, ಲೆಕ್ಕ ಇಟ್ಟಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಹತ್ತು ವಾರ ಕಳೆದಿತ್ತು. ಆ ದಿನ ಬರಿ ಹೊಟ್ಟೆಯ ಸಕ್ಕರೆ 210. ಡಾಕ್ಟರು ತುಟಿ ಬಿಗಿದು, ಈಗ ಕಟ್ಟುನಿಟ್ಟಾಗಿರಿ ಎಂದರು. ನಾನು ನಿಜಕ್ಕೂ ಕಟ್ಟುನಿಟ್ಟಾದೆ. ಮನೆಯಲ್ಲಿ ಮಾತ್ರ, ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ಪದ್ಧತಿಯಂತೆ ಸುಮ್ಮನಿದ್ದೆವು. ಕಣ್ಣು ತಾಗುತ್ತದಲ್ಲ!

ಐದನೇ ತಿಂಗಳಲ್ಲಿ ತುಮಕೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಸ್ಕ್ಯಾನ್ ಮಾಡುತ್ತಿದ್ದವರು ಮಾತು ನಿಲ್ಲಿಸಿದರು. ಮಗುವಿನ ತಲೆಬುರುಡೆ ಮೂಡಿರಲಿಲ್ಲ.

ಅದರ ಬಗ್ಗೆ ಹೆಚ್ಚು ಬರೆಯಲಾರೆ. ಎರಡು ದಿನ ಆಸ್ಪತ್ರೆಯಲ್ಲಿದ್ದೆ. ಮೂರನೆಯ ದಿನ ಖಾಲಿ ಕೈಯಲ್ಲಿ ತೋಟದ ಮನೆಗೆ ಬಂದೆವು. ಅವತ್ತು ರಾತ್ರಿ ಇವರು ಅಡಿಗೆಮನೆಯಲ್ಲಿ ಕೂತು ಅತ್ತೆಗೆ ಎಲ್ಲವನ್ನೂ ಹೇಳಿದರು. ನಾನು ಒಳಕೋಣೆಯಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿದ್ದೆ. ಬೈಗುಳಕ್ಕೆ ಕಾದಿದ್ದೆ. ಬಹಳ ಹೊತ್ತು ಸದ್ದೇ ಇಲ್ಲ. ಆಮೇಲೆ ಅತ್ತೆ ನನ್ನ ಹತ್ತಿರ ಬಂದು ಬಾಗಿಲಲ್ಲೇ ನಿಂತು, "ಮೊದ್ಲೇ ಹೇಳಿದ್ರೆ ನಾನೇನು ನಿನ್ನ ತಿಂದ್ಬಿಡ್ತಿದ್ನೇನವ್ವ? ಪಾಯಸ ಬಡಿಸ್ದೋಳು ನಾನೇ ಅಲ್ವಾ" ಎಂದು ಮಡಕೆ ಇದ್ದ ಮಂಚದ ಕೆಳಗೆ ಒಮ್ಮೆ ನೋಡಿ ಹೊರಟುಹೋದರು. ಮಡಕೆಯ ವಿಷಯ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಸೊಸೆ ಬಚ್ಚಿಟ್ಟದ್ದನ್ನು ಕೇಳುವುದು ಹೇಗೆಂದು ಅವರೂ ಸುಮ್ಮನಿದ್ದರಂತೆ.

1997ರ ಮೊದಲಲ್ಲಿ ಯಾರೋ ಹೇಳಿ, ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ ನನಗೆ ವಿಚಿತ್ರವೆನಿಸಿತು. "ಮುಂದಿನ ಮಗು ಯಾವಾಗ ಬೇಕು?"

"ದೇವರು ಕೊಟ್ಟಾಗ" ಎಂದೆ.

"ದೇವರು ಕೊಡುವುದಕ್ಕೆ ಆರು ತಿಂಗಳು ಮುಂಚೆ ನೀವು ಇಲ್ಲಿಗೆ ಬರುತ್ತಿರಬೇಕು" ಎಂದರು.

ನಾನು ಬಿ.ಎ. ಓದಿದವಳು, ವಿಜ್ಞಾನ ಹತ್ತನೆಯ ತರಗತಿಗೇ ಮುಗಿದಿತ್ತು. ಅವರು ಕಾಗದದ ಮೇಲೆ ಗೆರೆ ಎಳೆದು ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮಾಸು ಎಂಬುದು ತಾಯಿಗೂ ಮಗುವಿಗೂ ನಡುವಿನ ಚೆಕ್ ಪೋಸ್ಟ್ ಇದ್ದ ಹಾಗೆ. ತಾಯಿಯ ರಕ್ತದ ಸಕ್ಕರೆಗೆ ಅಲ್ಲಿ ತಡೆಯಿಲ್ಲ, ಸಲೀಸಾಗಿ ಆಚೆಗೆ ಹೋಗುತ್ತದೆ. ತಾಯಿ ಚುಚ್ಚಿಕೊಂಡ ಇನ್ಸುಲಿನ್ ಹೋಗುವುದಿಲ್ಲ. ಮೊದಲ ವಾರಗಳಲ್ಲಿ ಮಗುವಿಗೆ ತನ್ನದೇ ಆದ ಇನ್ಸುಲಿನ್ ಇರುವುದಿಲ್ಲ, ಬಂದ ಸಕ್ಕರೆಯಲ್ಲಿ ಮುಳುಗಿಯೇ ಅದು ರೂಪುಗೊಳ್ಳಬೇಕು. ಮಿದುಳು, ಬೆನ್ನುಹುರಿ ಆಗಬೇಕಾದ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ಸುಮಾರು ಇಪ್ಪತ್ತೆಂಟು ದಿನದೊಳಗೆ. ಹೃದಯವೂ ಎಂಟು ವಾರದೊಳಗೆ ಬಹುಪಾಲು ಆಗಿಬಿಡುತ್ತದೆ. ಅಂದರೆ ಮುಟ್ಟು ನಿಂತಿತಲ್ಲ ಎಂದು ಹೆಂಗಸು ಅನುಮಾನಪಡುತ್ತ ಕ್ಯಾಲೆಂಡರ್ ನೋಡುವ ಹೊತ್ತಿಗೆ ದೊಡ್ಡ ಕೆಲಸವೆಲ್ಲ ಮುಗಿಯುತ್ತ ಬಂದಿರುತ್ತದೆ.

ನಾನು ಹತ್ತನೇ ವಾರದಿಂದ ಪಟ್ಟ ಕಷ್ಟವೆಲ್ಲ ಮನೆ ಕಟ್ಟಿ ಮುಗಿಸಿದ ಮೇಲೆ ಪಾಯ ಸರಿಮಾಡಲು ಹೊರಟಂತೆ ಆಗಿತ್ತು. ಆ ಮಗುವಿಗೆ ಹಾಗಾದದ್ದು ಸಕ್ಕರೆಯಿಂದಲೇ ಎಂದು ಆಣೆ ಮಾಡಿ ಹೇಳಲು ಯಾರಿಗೂ ಆಗದು, ಸಕ್ಕರೆ ಇಲ್ಲದ ತಾಯಂದಿರಿಗೂ ಇಂಥದ್ದು ಆಗುವುದುಂಟು ಎಂದು ಡಾಕ್ಟರು ಎರಡು ಸಲ ಹೇಳಿದರು. ನನ್ನ ಸಮಾಧಾನಕ್ಕೆ ಹೇಳಿದರೆಂದು ಗೊತ್ತು. ಆದರೆ ಸಕ್ಕರೆ ಏರಿದಷ್ಟೂ ಆ ಅಪಾಯವೂ ಏರುತ್ತದೆ, ಇಳಿಸಿದರೆ ಅದೂ ಇಳಿಯುತ್ತದೆ ಎಂದೂ ಹೇಳಿದರು. ನಾನು ಮನೆಗೆ ತಂದುಕೊಂಡದ್ದು ಆ ಮಾತನ್ನು.

ಅವತ್ತು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮೊದಲ ಸಲ ಮಾಡಿಸಿದ್ದು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಅದು ಹೇಳಿಬಿಡುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಮೇಷ್ಟ್ರನ್ನು ಏಮಾರಿಸಲು ಆಗುವುದಿಲ್ಲ, ವರ್ಷವೆಲ್ಲ ಓದಿರಬೇಕು. ನನ್ನದು 10.4. "ಏಳರೊಳಗೆ ತನ್ನಿ, ಅಲ್ಲಿಯವರೆಗೆ ಬಸಿರಾಗಬೇಡಿ" ಎಂದರು ಡಾಕ್ಟರು. ಈಗಿನವರು ಸಾಧ್ಯವಾದರೆ 6.5ಕ್ಕಿಂತ ಕೆಳಗೆ ಎನ್ನುತ್ತಾರೆ, ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪುವಂತಾಗಬಾರದು ಎಂಬ ಎಚ್ಚರಿಕೆಯೊಂದಿಗೆ. ಹತ್ತಕ್ಕಿಂತ ಮೇಲಿದ್ದರೆ ತಡೆಯಿರಿ ಎಂದು ಖಡಾಖಂಡಿತವಾಗಿಯೇ ಹೇಳುತ್ತಾರೆ.

ಬಸಿರಾಗಬೇಡಿ ಎನ್ನುವುದು ಸುಲಭ. ಮದುವೆಯಾಗಿ ಎರಡು ವರ್ಷ, ಒಂದು ಮಗು ಕಳೆದುಕೊಂಡು ಊರೆಲ್ಲ ಮರುಕಪಡುತ್ತಿರುವ ದಂಪತಿ ಮಗು ಆಗದಂತೆ ನೋಡಿಕೊಳ್ಳುವ ಸಾಮಾನನ್ನು ತಿಪಟೂರಿನ ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವುದಾದರೂ ಹೇಗೆ? ಅಂಗಡಿಯವನು ಇವರ ಶಿಷ್ಯ. ಇವರು ಅದಕ್ಕೆಂದೇ ಅರಸೀಕೆರೆಗೆ ಹೋಗಿಬರುತ್ತಿದ್ದರು. ಒಮ್ಮೆ ಅಲ್ಲಿಯೂ ಪರಿಚಯದವರು ಸಿಕ್ಕು, ಇವರು ಗಾಬರಿಯಲ್ಲಿ ಒಂದು ಡಜನ್ ಅಮೃತಾಂಜನ ಕೊಂಡು ಬಂದಿದ್ದರು. ಎರಡು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ತಲೆನೋವು ನಿಲ್ಲಲೇ ಇಲ್ಲ ಎನ್ನಿ.

ಆ ವರ್ಷ ನಾವು ಮಾಡಿದ್ದು ಇಷ್ಟು. ದಿನಕ್ಕೆ ಎರಡು ಇದ್ದ ಇಂಜೆಕ್ಷನ್ ನಾಲ್ಕಾಯಿತು. ಬೆಂಗಳೂರಿನಿಂದ ರಕ್ತ ನೋಡುವ ಮೀಟರು ತಂದೆವು. ಅದರ ಒಂದೊಂದು ಪಟ್ಟಿಯ ಬೆಲೆ ಕೇಳಿ ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿ, "ಒಂದು ಚುಚ್ಚಿಗೆ ನಾಕು ಕಾಯಿ ಹೋತು" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಪಟ್ಟಿಗೆ 'ನಾಕ್ಕಾಯಿ' ಎಂದೇ ಹೆಸರು. ಕಣ್ಣಿನ ಒಳಪರದೆಯನ್ನು ಪರೀಕ್ಷೆ ಮಾಡಿಸಬೇಕೆಂದರು. ಬಸಿರಿನಲ್ಲಿ ಅಲ್ಲಿನ ತೊಂದರೆ ಹೆಚ್ಚಾಗಬಹುದು, ಸಕ್ಕರೆಯನ್ನು ದಡಬಡನೆ ಇಳಿಸಿದರೂ ಆಗಬಹುದು. ನನ್ನ ಕಣ್ಣಲ್ಲಿ ಒಂದೆರಡು ಚಿಕ್ಕ ಚುಕ್ಕೆ ಮಾತ್ರ ಇದ್ದವು. ಮೂತ್ರಪಿಂಡ ನೋಡಿದರು, ಬಿ.ಪಿ. ನೋಡಿದರು, ಥೈರಾಯ್ಡ್ ನೋಡಿದರು. ಫೋಲಿಕ್ ಆಸಿಡ್ ಮಾತ್ರೆಯನ್ನು ಬಸಿರಾಗುವ ಮುಂಚೆಯೇ ಶುರು ಮಾಡಿಸಿದರು, 5 ಮಿಲಿಗ್ರಾಂನದು. ಸಕ್ಕರೆ ಕಾಯಿಲೆಯವರಿಗೆ ಈ ದೊಡ್ಡ ಪ್ರಮಾಣವನ್ನು ಡಾಕ್ಟರೇ ಬರೆದುಕೊಡುತ್ತಾರೆ. ಹನ್ನೆರಡನೇ ವಾರದವರೆಗೆ ತೆಗೆದುಕೊಳ್ಳಬೇಕು. ಈ ವಿಟಮಿನ್ ಮೊದಲೇ ತೆಗೆದುಕೊಂಡರೆ ನನ್ನ ಮೊದಲ ಮಗುವಿಗೆ ಆದಂಥ ದೋಷ ಬಹಳಷ್ಟು ತಪ್ಪುತ್ತದೆ ಎಂದು 1991ರಲ್ಲಿಯೇ ಇಂಗ್ಲೆಂಡಿನವರ ಒಂದು ದೊಡ್ಡ ಅಧ್ಯಯನ ತೋರಿಸಿಕೊಟ್ಟಿತ್ತು. 1996ರಲ್ಲಿ ತಿಪಟೂರಿನ ಅಂಗಡಿಯಲ್ಲಿ ಆ ಮಾತ್ರೆ ಇತ್ತು. ಕೊಳ್ಳಬೇಕೆಂದು ತಿಳಿದಿರಲಿಲ್ಲ, ಅಷ್ಟೆ.

ಇನ್ನು ಊಟ. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬುದು ನಮ್ಮ ಸೀಮೆಯ ವೇದವಾಕ್ಯ. ಅತ್ತೆ ಆ ನಂಬಿಕೆಯಲ್ಲಿ ಅನ್ನ ಬಿಡಿಸಿ ಎರಡು ಮುದ್ದೆ ಇಟ್ಟರು. ಎರಡು ಗಂಟೆ ಬಿಟ್ಟು ಚುಚ್ಚಿದರೆ ಮೀಟರಿನಲ್ಲಿ 236. "ಮಿಷನ್ನು ಕೆಟ್ಟೈತೆ" ಎಂದರು ಅತ್ತೆ. ಮಾರನೆಯ ದಿನವೂ ಅಷ್ಟೇ. ಮೂರನೆಯ ದಿನ ಅವರೇ ಒಂದು ಮುದ್ದೆ ಕಡಿಮೆ ಮಾಡಿ, ಸೊಪ್ಪಿನ ಪಲ್ಯ, ಮೊಳಕೆ ಹುರುಳಿ ಸಾರು ಜಾಸ್ತಿ ಬಡಿಸಿ, ನಾಕ್ಕಾಯಿ ಹಾಕಿಸಿ ನೋಡಿದರು. 148. ಅಂದಿನಿಂದ ಮಿಷನ್ನಿನ ಮೇಲೆ ಅವರಿಗೆ ನಂಬಿಕೆ ಬಂತು. ರಾಗಿಯೂ ಧಾನ್ಯವೇ, ಅಕ್ಕಿಯ ಹಾಗೆ ಅದರಲ್ಲೂ ಪಿಷ್ಟವಿದೆ, ಎಷ್ಟು ಎಂಬುದೇ ಮುಖ್ಯ ಎಂದು ಡಾಕ್ಟರು ನನಗೆ ಚಾರ್ಟು ಬರೆದುಕೊಟ್ಟಿದ್ದರು. ಚಾರ್ಟು ಓದಲು ಬಾರದ ಅತ್ತೆ ಅಟ್ಟದ ಮೇಲಿನಿಂದ ಹಳೆಯ ಹಿತ್ತಾಳೆ ಚಟಾಕು ಇಳಿಸಿ ಹುಣಸೆಹಣ್ಣಿನಲ್ಲಿ ತಿಕ್ಕಿ ತಂದರು. ನನ್ನ ಪಾಲಿನ ಅಕ್ಕಿ, ಹಿಟ್ಟು ಎಲ್ಲ ಅದರಲ್ಲೇ ಅಳೆದು. ಮಾವನವರು ಒಮ್ಮೆ, ಮನೆಯ ಸೊಸೆಗೆ ಅಳೆದು ಹಾಕುತ್ತೀಯಾ, ಜನ ಏನೆಂದಾರು ಎಂದು ಗದರಿದರು. ಅತ್ತೆ ತಿರುಗಿಯೂ ನೋಡಲಿಲ್ಲ.

ಜನ ಏನೆಂದಾರು ಎಂಬುದೇ ದೊಡ್ಡ ಕಾಟವಾಗಿತ್ತು. ಹಬ್ಬ, ಮದುವೆ, ಗೃಹಪ್ರವೇಶ, ಎಲ್ಲಿ ಹೋದರೂ "ಇಸೇಸ?" "ಇನ್ನೂ ಇಲ್ವಾ?" ಒಬ್ಬರು ಹರಕೆ ಹೇಳಿದರು, ಒಬ್ಬರು ನಾಗಪ್ರತಿಷ್ಠೆ ಎಂದರು. ನಾವು ಬೇಕೆಂದೇ ಕಾಯುತ್ತಿದ್ದೇವೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಒಂದು ಸಲ ಅತ್ತೆಯೇ ಸೋಬಾನೆ ಹಾಡುವ ಹೆಂಗಸರ ನಡುವೆ, "ಗದ್ದೆ ಹದ ಆಗ್ದೆ ಯಾರಾರ ಬಿತ್ತನೆ ಹಾಕ್ತಾರಾ? ಹದ ಮಾಡ್ಕೊಂತಾ ಇದೀವಿ, ಸುಮ್ನಿರ್ರಿ" ಎಂದುಬಿಟ್ಟರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತ್ತು. ಆದರೆ ಆ ಮೇಲೆ ಕೇಳುವವರು ಕಡಿಮೆಯಾದರು.

ಒಂದು ವರ್ಷ ಹಿಡಿಯಿತು. 10.4, 8.9, 8.1, ಮತ್ತೆ 8.3 (ಅದು ದೀಪಾವಳಿ), ಕೊನೆಗೆ 1998ರ ಫೆಬ್ರವರಿಯಲ್ಲಿ 6.8. ಎರಡು ತಿಂಗಳಲ್ಲಿ ದಿನ ನಿಂತಿತು. ಈ ಸಲ ಮೊದಲ ವಾರದಲ್ಲಿಯೇ ಗೊತ್ತಾಯಿತು. ಮೂರು ತಿಂಗಳು ಯಾರಿಗೂ ಹೇಳಬಾರದೆಂಬ ಪದ್ಧತಿಯನ್ನೂ ಮುರಿದೆವು. ಸಕ್ಕರೆ ಹಠಾತ್ತನೆ ಇಳಿಯುವುದು ಆ ಮೊದಲ ತಿಂಗಳುಗಳಲ್ಲೇ ಹೆಚ್ಚು. ಪಕ್ಕದವರಿಗೆ ತಿಳಿಯದಿದ್ದರೆ ಬಿದ್ದಾಗ ಎತ್ತುವವರು ಯಾರು? ಶಾಲೆಯಲ್ಲಿ ಹೆಡ್ ಮಾಸ್ಟರರಿಗೆ ಹೇಳಿ ಮೇಜಿನ ಡ್ರಾಯರಿನಲ್ಲಿ ಗ್ಲೂಕೋಸ್ ಪುಡಿ ಇಟ್ಟೆ. ಎಂಟನೇ ತರಗತಿಯ ಹುಡುಗಿಯೊಬ್ಬಳಿಗೆ, ನಾನು ತಪ್ಪು ತಪ್ಪು ಮಾತಾಡಿದರೆ ತಂದುಕೊಡು ಎಂದಿದ್ದೆ. ಆಕೆ ನಾನು ವ್ಯಾಕರಣದಲ್ಲಿ ತಪ್ಪಿದಾಗೆಲ್ಲ ಗ್ಲೂಕೋಸ್ ತಂದು ನಿಲ್ಲುತ್ತಿದ್ದಳು.

ಆರನೇ ತಿಂಗಳ ಮೇಲೆ ಇನ್ಸುಲಿನ್ ಪ್ರಮಾಣ ಏರುತ್ತ ಏರುತ್ತ ಮೊದಲಿನ ಎರಡರಷ್ಟನ್ನು ದಾಟಿತು. ಕಾಯಿಲೆ ಕೈಮೀರಿತೆಂದು ಹೆದರಿದೆ. ಅದು ಮಾಸಿನಿಂದ ಬರುವ ರಸಗಳ ಕೆಲಸ, ಬಸಿರಿನ ಗುಣ ಎಂದರು ಡಾಕ್ಟರು. ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ಅಷ್ಟೂ ಇಳಿಯಿತು.

1999ರ ಜನವರಿಯಲ್ಲಿ, ಮೂವತ್ತೆಂಟನೇ ವಾರ, ಬೆಂಗಳೂರಿನಲ್ಲಿ ಮಗಳು ಹುಟ್ಟಿದಳು. ಅತ್ತೆ ಮೊದಲು ಕೈಯಾಡಿಸಿ ನೋಡಿದ್ದು ಅವಳ ತಲೆಯನ್ನು. ಅರ್ಧ ಗಂಟೆಯಲ್ಲಿ ನರ್ಸ್ ಬಂದು ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದಳು. ಅತ್ತೆ ಗೋಡೆ ಹಿಡಿದು ನಿಂತುಬಿಟ್ಟರು. "ಇವ್ಳಿಗೂನಾ?" ಎಂದರು. ಅದು ಬೇರೆ ಎಂದು ತಿಳಿಸಲು ನರ್ಸ್‌ಗೆ ಸಾಕಾಯಿತು. ಕೊನೆಯ ತಿಂಗಳುಗಳಲ್ಲಿ ತಾಯಿಯಿಂದ ಬಂದ ಸಕ್ಕರೆಗೆ ಮಗು ತಾನೇ ಇನ್ಸುಲಿನ್ ಮಾಡಿಕೊಳ್ಳುತ್ತಿರುತ್ತದೆ. ಹೊಕ್ಕುಳ ಬಳ್ಳಿ ಕತ್ತರಿಸಿದಾಗ ಸಕ್ಕರೆ ಬರುವುದು ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಇನ್ನೂ ಇರುತ್ತದೆ. ಆದ್ದರಿಂದ ಕೂಸಿನ ಸಕ್ಕರೆ ಇಳಿಯಬಹುದು, ಬೇಗ ಹಾಲು ಕುಡಿಸಿ ನೋಡುತ್ತಿರಬೇಕು. ಎರಡನೆಯ ದಿನಕ್ಕೆ ಎಲ್ಲ ಸರಿಹೋಯಿತು. ತಾಯಿಗೆ ಟೈಪ್ 1 ಇದ್ದರೂ ನೂರರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಮಕ್ಕಳಿಗೆ ಅದು ಬರುವುದಿಲ್ಲ. ಆದರೂ ಮಗಳು ಹದಿನಾಲ್ಕು ದಾಟುವವರೆಗೆ, ಅವಳು ಎರಡನೇ ಲೋಟ ನೀರು ಕೇಳಿದಾಗೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವಳಿಗೆ ಬಂದಿಲ್ಲ.

ಇಷ್ಟನ್ನೂ ಗಣಿತದ ಮೇಡಂಗೆ ಒಂದೇ ದಿನ ಹೇಳಲಿಲ್ಲ. ಅವತ್ತು ಸಂಜೆ, ನಿನ್ನ ಮಾತ್ರೆಗಳನ್ನೆಲ್ಲ ನಾಳೆ ತಾ ಎಂದೆ. ತಂದಳು. ಸಕ್ಕರೆ ಮಾತ್ರೆಯ ಜೊತೆಗೆ ಬಿ.ಪಿ.ಗೆ ಟೆಲ್ಮಿಸಾರ್ಟನ್, ಕೊಲೆಸ್ಟರಾಲಿಗೆ ಒಂದು ಸ್ಟ್ಯಾಟಿನ್. ಈಗ ಸಣ್ಣ ವಯಸ್ಸಿಗೇ ಬರುವ ಟೈಪ್ 2ರವರ ಡಬ್ಬಿಯಲ್ಲಿ ಇವು ಸಾಮಾನ್ಯ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಾಲಪ್ರಿಲ್, ರಾಮಿಪ್ರಿಲ್ ಇಂಥವು ಹೊಟ್ಟೆಯಲ್ಲಿನ ಮಗುವಿಗೆ ಆಗುವುದಿಲ್ಲ. ಬಸಿರಿಗೆ ಮುಂಚೆಯೇ ಡಾಕ್ಟರು ಬೇರೆ ಮಾತ್ರೆಗೆ ಬದಲಿಸಬೇಕು, ಸ್ಟ್ಯಾಟಿನ್ನನ್ನೂ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ತಾನೇ ನಿಲ್ಲಿಸಿಬಿಡುವುದು ಇನ್ನೊಂದು ಅನಾಹುತ. ಆಕೆಗೆ ಮಾತ್ರೆ ಬರೆದುಕೊಟ್ಟವರು, ಮಗು ಬೇಕೆಂದಿದೆಯೇ ಎಂದು ಕೇಳಿರಲೇ ಇಲ್ಲ. ಆಕೆಯೂ ಹೇಳಿರಲಿಲ್ಲ. ಈಗ ಆಶಾ ಕಾರ್ಯಕರ್ತೆಯರಿದ್ದಾರೆ, ಬಸುರಿಯರಿಗೆಲ್ಲ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಬೇಕೆಂಬ ನಿಯಮವಿದೆ. ನಮ್ಮ ಕಾಲಕ್ಕೆ ಹೋಲಿಸಿದರೆ ಎಷ್ಟೋ ವಾಸಿ. ಆದರೆ ತಾಯಿ ಕಾರ್ಡು ಕೈಗೆ ಬರುವುದೇ ತಾಯಿಯಾಗುತ್ತಿದ್ದೇನೆಂದು ತಿಳಿದ ಮೇಲೆ. ಅದಕ್ಕೆ ಮುಂಚಿನ ಆರು ತಿಂಗಳಿಗೆ ಯಾವ ಕಾರ್ಡೂ ಇಲ್ಲ.

ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋದೆವು. ಮಾತ್ರೆ ಬದಲಾಯಿತು, ಇನ್ಸುಲಿನ್ ಶುರುವಾಯಿತು, ಕಣ್ಣು ನೋಡಿಸಿದ್ದಾಯಿತು. ಎಚ್‌ಬಿಎ1ಸಿ 8.6 ಇದ್ದದ್ದು ಈಗ 7.1ಕ್ಕೆ ಬಂದಿದೆ. ಇನ್ನೊಂದು ಮೂರು ತಿಂಗಳು ತಡೆಯಿರಿ ಎಂದಿದ್ದಾರೆ. ಮೂರು ತಿಂಗಳೆಂದರೆ ಆಕೆಯ ಮನೆಯಲ್ಲಿ ಒಂದು ಯುಗ. ಅವಳ ಅತ್ತೆ ಕುಕ್ಕೆಗೆ ಹೋಗಿ ಪೂಜೆ ಮಾಡಿಸಲು ದಿನ ಗೊತ್ತು ಮಾಡಿದ್ದಾರೆ. ಇನ್ಸುಲಿನ್ ವಿಷಯ ಅವರಿಗೆ ಗೊತ್ತಿಲ್ಲ. ಪೆನ್ನನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಸ್ಕೂಲಿನ ಬಾತ್ ರೂಮಿನಲ್ಲಿ ಚುಚ್ಚಿಕೊಳ್ಳುತ್ತಾಳೆ.

ಮೊನ್ನೆ ಕೊನೆಯ ಪೀರಿಯಡ್ಡಿನ ನಂತರ, "ಮೇಡಂ, ನೀವೇ ಒಂದ್ಸಲ ಬಂದು ನಮ್ಮತ್ತೆ ಹತ್ತಿರ ಮಾತಾಡ್ತೀರಾ? ನಾನು ಹೇಳಿದ್ರೆ ನೆಪ ಅಂತಾರೆ" ಎಂದು ಕೇಳಿದಳು. ಬರುತ್ತೇನೆ ಎಂದಿದ್ದೇನೆ. ಭಾನುವಾರ ಹತ್ತೂವರೆಯ ಬಸ್ಸಿಗೆ ಹೋಗಬೇಕು. ಮಾತು ಎಲ್ಲಿಂದ ಶುರು ಮಾಡುವುದೋ ತಿಳಿಯದು. ಹಿತ್ತಾಳೆ ಚಟಾಕನ್ನಂತೂ ಚೀಲದಲ್ಲಿ ಹಾಕಿಟ್ಟಿದ್ದೇನೆ.